ಮಳೆಗೆ ಮುಂಚೆ ತಾಡಪಾಲು ಹೊದಿಸಿದವರು

ದಾವಣಗೆರೆ ಹೊರಗಿನ ರೈಸ್ ಮಿಲ್ಲೊಂದರಲ್ಲಿ ನಾನು ಸೂಪರ್‌ವೈಸರ್. ಭದ್ರಾ ನಾಲೆ ಕಡೆಯ ಬೇಸಿಗೆ ಭತ್ತ ಬರುವುದು ಮೇ ತಿಂಗಳಲ್ಲಿ, ಅಡ್ಡಮಳೆ ಬರುವುದೂ ಆಗಲೇ. ತೇವ ಶೇ. 14ರ ಆಸುಪಾಸಿಗೆ ಇಳಿಯದೆ ಚೀಲಕ್ಕೆ ತುಂಬಿದರೆ ಭತ್ತ ಒಳಗೇ ಕಾವು ಏರಿ, ಅಕ್ಕಿ ಹಳದಿಗೆ ತಿರುಗುತ್ತದೆ.

ಸೇರಿದ ವರ್ಷವೇ ಒಂದು ಸಂಜೆ ಕಣದಲ್ಲಿ ಹರವಿದ್ದು ನೆನೆಯಿತು. ಪಾಳಿ ಮುಗಿಸಿದ ಹಮಾಲರು ಗೇಟಿನ ಬಳಿ ಬೀಡಿ ಸೇದುತ್ತಾ ನೋಡುತ್ತಿದ್ದರು. ಒಬ್ಬರೂ ಒಳಗೆ ಬರಲಿಲ್ಲ. ಬೈಯೋಣವೆಂದರೆ ಬಾಯಿ ಬರಲಿಲ್ಲ. ಅದೇ ಬೆಳಗ್ಗೆ ಹತ್ತು ನಿಮಿಷ ತಡವಾದವನ ಅರ್ಧ ದಿನದ ಕೂಲಿ ಮುರಿದವನು ನಾನೇ. ನಿಮಿಷ ಎಣಿಸುವುದನ್ನು ಕಲಿಸಿದವನೂ ನಾನೇ.

ಆಮೇಲೆ ಮಾಡಿದ್ದೇನೂ ದೊಡ್ಡದಲ್ಲ. ಕಣದ ಹತ್ತಿರ ನೆರಳು, ನೀರು. ಶನಿವಾರದ ಬಟವಾಡೆ ನಾಲ್ಕರೊಳಗೆ. ಲೋಡು ಹೆಚ್ಚಿದ ದಿನ ನಾನೂ ಚೀಲಕ್ಕೆ ಬೆನ್ನು ಕೊಟ್ಟೆ. ಮೊದಲ ಚೀಲಕ್ಕೇ ತೂರಾಡಿದೆ. ‘ಸೊಂಟ ಅಲ್ರೀ ಸರ್, ಮೊಣಕಾಲು ಬಗ್ಗಸ್ರಿ’ ಎಂದು ಹಿರಿಯ ಹಮಾಲರೊಬ್ಬರು ನಕ್ಕರು. ಆ ನಗುವಿನ ನಂತರವೇ ಮಾತು ಶುರುವಾಗಿದ್ದು. ‘ಭತ್ತ ಎತ್ತೋ ಎಲಿವೇಟರ್ ಬೆಲ್ಟ್ ಸವದೈತಿ, ನೋಡ್ರಿ’ ಅಂತ ಅದು ಹರಿಯುವ ಮೊದಲೇ ಹೇಳತೊಡಗಿದರು. ಅದು ಅವರ ಕೆಲಸವೇ ಅಲ್ಲ.

ಹುರುಪಿನಲ್ಲಿ ಒಂದು ಎಡವಟ್ಟು ಮಾಡಿದೆ. ಪರರಿಗೆ ನೆರವಾದವರಿಗೆ ವಾರಕ್ಕೆ ನೂರು ರೂಪಾಯಿ ಬಹುಮಾನ! ಎರಡೇ ವಾರ, ನಾನು ಕಣ್ಣಿಗೆ ಬಿದ್ದಾಗ ಮಾತ್ರ ಕೈ ಜೋಡಿಸುವವರು ಹುಟ್ಟಿಕೊಂಡರು. ನಿಲ್ಲಿಸಿದೆ. ಎಂಬಿಎ ಓದುತ್ತಿದ್ದ ಮಗಳು ನಕ್ಕಳು: ‘ಅಪ್ಪಾ, ಮ್ಯಾನೇಜ್ಮೆಂಟ್ ಪ್ರೊಫೆಸರ್ ಡೆನ್ನಿಸ್ ಆರ್ಗನ್ 1988ರಲ್ಲೇ ಹೇಳಿದ್ದು ಅದನ್ನೇ, ಇಂಥ ನೆರವು ಸಂಬಳ-ಬಹುಮಾನದ ಲೆಕ್ಕಕ್ಕೆ ನೇರವಾಗಿ ಸೇರದ್ದು.’ ‘ಸೇವಕ ನಾಯಕ’ (ಮೊದಲು ಸೇವೆ, ಆಮೇಲೆ ನಾಯಕತ್ವ) ಎಂಬ ಮಾತನ್ನು 1970ರಲ್ಲಿ ಬಳಕೆಗೆ ತಂದ ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ ಬಗ್ಗೆ ತಿಳಿದದ್ದೂ ಅವಳಿಂದಲೇ. ಸೇವೆ ಪಡೆದವರು ತಾವೂ ಸೇವಕರಾಗುತ್ತಾರೆಯೇ ಎಂಬುದು ಆತ ಇಟ್ಟ ಪರೀಕ್ಷೆಗಳಲ್ಲೊಂದಂತೆ.

ಇಂಥ ನೆರವಿನಲ್ಲಿ ಒಂದು ಅಪಾಯವೂ ಇದೆ. ‘ಆಗಲ್ಲ’ ಅನ್ನಲು ಬಾರದ ಹುಡುಗನೊಬ್ಬನ ತಲೆಗೆ ಎಲ್ಲರ ಕೆಲಸವೂ ಬೀಳತೊಡಗಿತ್ತು. ಅವನನ್ನು ಹೊತ್ತಿಗೆ ಸರಿಯಾಗಿ ಮನೆಗೆ ಅಟ್ಟುವುದೂ ನನ್ನ ಪಾಲಿಗೆ ಬಂತು.

ಹೋದ ಮೇನಲ್ಲಿ ರಾತ್ರಿ ಗುಡುಗು ಕೇಳಿ ಬೈಕಿನಲ್ಲಿ ಓಡಿದೆ. ಹಮಾಲರು ಆಗಲೇ ಬಂದು ತಾಡಪಾಲು ಹೊದಿಸಿ ಅಂಚಿಗೆ ಇಟ್ಟಿಗೆ ಇಟ್ಟಾಗಿತ್ತು. ‘ಈಗ ಬಂದ್ರೇನ್ರಿ?’ ಅಂದರು. ಅವರು ದುಡಿದ ಎರಡು ಗಂಟೆಯ ಕೂಲಿ ಬರೆಯಲು ಹಾಜರಿ ಪುಸ್ತಕ ತೆಗೆದೆ. ಕರೆಯದೆ ಬಂದಿದ್ದಕ್ಕೆ ಬೆಲೆ ಕಟ್ಟುವಂತಿಲ್ಲ, ದುಡಿದ ಗಂಟೆಯನ್ನಂತೂ ಬಿಡುವಂತಿಲ್ಲ. ‘ಟೀ ತರಿಸ್ರಿ ಮೊದ್ಲು’ ಅಂದರು.