ಮೂರು ಮ್ಯಾಗ್ನೆಟಿಕ್ ಕೀಬೋರ್ಡ್‌ಗಳನ್ನು ನಾನು ಹೋಲಿಸಿ ನೋಡಿದ ಬಗೆ

ಕೌಂಟರ್-ಸ್ಟ್ರೈಕ್ 2 ಎಂಬ ಗುಂಡು ಹಾರಿಸುವ ಕಂಪ್ಯೂಟರ್ ಆಟದಲ್ಲಿ ಬಲಕ್ಕೆ ಓಡುತ್ತಿರುವಾಗ ನಿಂತು ಗುಂಡು ಹಾರಿಸಬೇಕಾದರೆ ‘ಡಿ’ ಕೀಲಿಯನ್ನು ಬಿಟ್ಟು, ಎಡಕ್ಕೆ ಓಡಿಸುವ ‘ಎ’ ಕೀಲಿಯನ್ನು ಕ್ಷಣಕಾಲ ಒತ್ತಬೇಕು; ಓಟ ನಿಲ್ಲುವ ಮೊದಲೇ ಹಾರಿದ ಗುಂಡು ಗುರಿ ತಪ್ಪುತ್ತದೆ. ಏಳೆಂಟು ವರ್ಷ ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಈ ಚಲನೆಯನ್ನು ಅಭ್ಯಾಸ ಮಾಡಿದ್ದ ನಾನು ಮ್ಯಾಗ್ನೆಟಿಕ್ ಸ್ವಿಚ್‌ಗಳತ್ತ ತಿರುಗಿದ್ದು ಇದೊಂದೇ ಕಾರಣಕ್ಕೆ. ಆದ್ದರಿಂದ ಬೇರೆ ಬೇರೆ ಬೆಲೆಯ ಮೂರು ಕೀಬೋರ್ಡ್‌ಗಳನ್ನು ಒಂದೂವರೆ ತಿಂಗಳು ಹೋಲಿಸುವಾಗ ನನ್ನ ಮುಂದಿದ್ದ ಪ್ರಶ್ನೆಯೂ ಒಂದೇ: ಬೆರಳು ಮೇಲೇಳತೊಡಗಿದ ಕೂಡಲೇ ಕೀಲಿಯ ಒತ್ತು ನಿಲ್ಲುತ್ತದೆಯೇ, ಪ್ರತಿ ಸಲವೂ ಹಾಗೆಯೇ ನಿಲ್ಲುತ್ತದೆಯೇ?

ಸಾಮಾನ್ಯ ಮೆಕ್ಯಾನಿಕಲ್ ಸ್ವಿಚ್‌ನಲ್ಲಿ ಲೋಹದ ಎರಡು ಎಲೆಗಳು ಪರಸ್ಪರ ತಾಗಿದಾಗ ಸಂಕೇತ ಹೊರಡುತ್ತದೆ. ಚೆರ್ರಿ ಎಂಎಕ್ಸ್ ರೆಡ್‌ನಂತಹ ಸ್ವಿಚ್‌ನಲ್ಲಿ ಒಟ್ಟು 4 ಮಿ.ಮೀ. ಚಲನೆಯಿದ್ದು, ಸುಮಾರು 2 ಮಿ.ಮೀ. ಇಳಿದಾಗ ಈ ಸಂಪರ್ಕ ಏರ್ಪಡುತ್ತದೆ. ತಳ ಮುಟ್ಟಿದ ಕೀಲಿ ಮತ್ತೆ ಅಷ್ಟೇ ದೂರ ಮೇಲೆ ಬಂದ ಮೇಲಷ್ಟೇ ಅದು ಕಡಿಯುತ್ತದೆ. ಮ್ಯಾಗ್ನೆಟಿಕ್ ಸ್ವಿಚ್‌ನಲ್ಲಿ ತಾಗುವ ಲೋಹವೇ ಇಲ್ಲ. ಕೀಲಿಯ ಕಾಂಡದಲ್ಲಿ ಪುಟ್ಟ ಅಯಸ್ಕಾಂತವಿರುತ್ತದೆ, ಕೆಳಗಿನ ಸರ್ಕ್ಯೂಟ್ ಹಲಗೆಯ ಮೇಲಿರುವ ಸೆನ್ಸರ್ ಅದರ ಕಾಂತಕ್ಷೇತ್ರವನ್ನು ಅಳೆಯುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡ ಪರಿಣಾಮವೇ ಇದಕ್ಕೆ ಆಧಾರ. ಕೀಲಿ ಎಷ್ಟು ಆಳದಲ್ಲಿದೆಯೆಂದು ಪ್ರತಿ ಕ್ಷಣವೂ ತಿಳಿಯುವುದರಿಂದಲೇ ನೆದರ್‌ಲ್ಯಾಂಡ್ಸ್‌ನ ವೂಟಿಂಗ್ ಸಂಸ್ಥೆ ಜನಪ್ರಿಯಗೊಳಿಸಿದ ರ‍್ಯಾಪಿಡ್ ಟ್ರಿಗರ್ ಸಾಧ್ಯವಾಯಿತು. ಅದರಲ್ಲಿ ಕೀಲಿ ಯಾವ ಆಳದಲ್ಲಿದ್ದರೂ ನಾವು ನಿಗದಿಪಡಿಸಿದ ಅತ್ಯಲ್ಪ ದೂರ ಮೇಲೆದ್ದರೆ ಸಾಕು, ಒತ್ತು ಮುಗಿಯಿತೆಂದೇ ಲೆಕ್ಕ.

ಇದರ ಲಾಭವೆಷ್ಟೆಂದು ಕೊಳ್ಳುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿದ್ದೆ. ಬೆರಳು ಸೆಕೆಂಡಿಗೆ 200 ಮಿ.ಮೀ. ವೇಗದಲ್ಲಿ ಏಳುತ್ತದೆಂದು ಭಾವಿಸಿದರೆ, 2 ಮಿ.ಮೀ. ಏರಲು 10 ಮಿಲಿಸೆಕೆಂಡ್ ಬೇಕು, 0.2 ಮಿ.ಮೀ. ಏರಲು ಒಂದೇ ಮಿಲಿಸೆಕೆಂಡ್ ಸಾಕು. ಉಳಿಯುವ 9 ಮಿಲಿಸೆಕೆಂಡ್ ಎಂದರೆ ಸೆಕೆಂಡಿಗೆ 240 ಚಿತ್ರಗಳನ್ನು (ಫ್ರೇಮ್) ತೋರಿಸುವ 240 ಹರ್ಟ್ಸ್ ಮಾನಿಟರ್‌ನಲ್ಲಿ ಎರಡು ಫ್ರೇಮ್‌ಗಳಿಗೂ ಹೆಚ್ಚು. ಕೀಬೋರ್ಡ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ವರದಿ ಕಳಿಸುತ್ತದೆಂಬ ಪೋಲಿಂಗ್ ರೇಟ್‌ನ ಲೆಕ್ಕ ಬೇರೆಯೇ ಆಗಿದೆ. 1000 ಹರ್ಟ್ಸ್‌ನಲ್ಲಿ ಸಂಕೇತವೊಂದು ಸರಾಸರಿ ಅರ್ಧ ಮಿಲಿಸೆಕೆಂಡ್ ಕಾಯುತ್ತದೆ. ಅದನ್ನು 8000ಕ್ಕೆ ಏರಿಸಿದರೂ ಉಳಿತಾಯ 0.44 ಮಿಲಿಸೆಕೆಂಡ್ ಮಾತ್ರ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವ ಈ ಅಂಕಿಗೆ ಹೆಚ್ಚು ಹಣ ಕೊಡಬೇಕಿಲ್ಲವೆಂಬ ನನ್ನ ಅಭಿಪ್ರಾಯ ಅಂದೇ ಗಟ್ಟಿಯಾಗಿತ್ತು.

ಮೂರರಲ್ಲಿ ಅತಿ ದುಬಾರಿಯಾದದ್ದು 8000 ಹರ್ಟ್ಸ್‌ನದು, ಉಳಿದೆರಡು 1000 ಹರ್ಟ್ಸ್‌ನವು. ಮೂರೂ 0.1 ಮಿ.ಮೀ. ಸೂಕ್ಷ್ಮತೆಯನ್ನು ಸಾರುತ್ತಿದ್ದವು. ಒಂದೊಂದನ್ನು ಒಂದೊಂದು ವಾರ ಬಳಸಿ, ಅನಂತರ ತಿರುಗುಮುರುಗಾದ ಕ್ರಮದಲ್ಲಿ ಇನ್ನೊಂದು ಸುತ್ತು ಬಳಸಿದೆನು. ಕೊನೆಗೆ ಕೈಗೆ ಬಂದದ್ದು ಅಭ್ಯಾಸಬಲದಿಂದಲೇ ಒಳ್ಳೆಯದೆನಿಸುವ ಅಪಾಯವಿರುವುದರಿಂದ ಈ ಎರಡನೆಯ ಸುತ್ತು ಅನಿವಾರ್ಯವಾಗಿತ್ತು. ಮೌಸ್, ಮಾನಿಟರ್, ಕುರ್ಚಿಯ ಎತ್ತರ ಯಾವುದನ್ನೂ ಬದಲಿಸಲಿಲ್ಲ.

ಆದರೆ ನಿಜವಾದ ವ್ಯತ್ಯಾಸ ಕಂಡದ್ದು ಆಟದಲ್ಲಲ್ಲ, ಖಾಲಿ ನೋಟ್‌ಪ್ಯಾಡ್‌ನಲ್ಲಿ. ಪ್ರತಿ ಕೀಬೋರ್ಡನ್ನೂ ಮೊದಲು ಕ್ಯಾಲಿಬ್ರೇಟ್ ಮಾಡಿ (ಕೀಲಿಗಳ ಮೇಲಿನ ಮತ್ತು ಕೆಳಗಿನ ತುದಿಗಳನ್ನು ಅದಕ್ಕೆ ಗುರುತಿಸಿಕೊಟ್ಟು), ಒತ್ತು ದಾಖಲಾಗುವ ಆಳವನ್ನೂ ರ‍್ಯಾಪಿಡ್ ಟ್ರಿಗರ್ ಅನ್ನೂ 0.1 ಮಿ.ಮೀ.ಗೆ ಇಳಿಸಿ, ನಾಲ್ಕು ಚಲನೆಯ ಕೀಲಿಗಳ ಮೇಲೆ ಬೆರಳುಗಳನ್ನು ಒತ್ತದೆ ಸುಮ್ಮನೆ ಇರಿಸಿ ಹತ್ತು ನಿಮಿಷ ಕುಳಿತೆ. 0.1 ಮಿ.ಮೀ. ಎಂದರೆ ಸಾಧಾರಣ ಮುದ್ರಣ ಕಾಗದದ ಒಂದು ಹಾಳೆಯ ದಪ್ಪ. ಬೆರಳಿನ ಭಾರವೇ ಕೀಲಿಯನ್ನು ಅಷ್ಟು ಇಳಿಸಬಲ್ಲದು. ನಿರೀಕ್ಷಿಸಿದಂತೆ ಮೂರರಲ್ಲೂ ಬೇಡದ ಅಕ್ಷರಗಳು ಮೂಡಿದವು. ಅನಂತರ ಎರಡೂ ಅಂಕಿಗಳನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ, ಒಂದೂ ಸುಳ್ಳು ಅಕ್ಷರ ಮೂಡದ ಮಟ್ಟವನ್ನು ಹುಡುಕಿದೆ. ದುಬಾರಿಯದು 0.15ಕ್ಕೆ, ನಡುವಣದು 0.2ಕ್ಕೆ ಶಾಂತವಾದವು, ಅಗ್ಗದ್ದು 0.4 ದಾಟಿದರೂ ‘ಡಬ್ಲ್ಯು’ ಕೀಲಿಯಲ್ಲಿ ಆಗೊಮ್ಮೆ ಈಗೊಮ್ಮೆ ಮಿಡುಕುತ್ತಲೇ ಇತ್ತು. ಹೋಲಿಸಬೇಕಾದದ್ದು ಈ ಬಳಸಬಹುದಾದ ಸೂಕ್ಷ್ಮತೆಯನ್ನೇ ಹೊರತು ಪೆಟ್ಟಿಗೆಯ ಮೇಲಿನದನ್ನಲ್ಲ.

ಅಗ್ಗದ ಕೀಬೋರ್ಡ್ ಸೋತದ್ದೇಕೆ ಎಂದು ತಿಳಿಯಲು ಇನ್ನೂ ಎರಡು ಸಂಜೆ ಅದರೊಂದಿಗೇ ಕಳೆದೆ. ಅಯಸ್ಕಾಂತ ದೂರವಿದ್ದಾಗ ಕ್ಷೇತ್ರ ದುರ್ಬಲವಾಗಿದ್ದು, ದೂರ ಸ್ವಲ್ಪ ಬದಲಾದರೆ ಸೆನ್ಸರ್‌ಗೆ ಕಾಣುವ ಬದಲಾವಣೆ ತೀರ ಕಡಿಮೆ. ಹತ್ತಿರ ಬಂದಂತೆ ಅದು ಬೇಗ ಬೇಗ ಹೆಚ್ಚುತ್ತದೆ. ಆದ್ದರಿಂದ ಚಲನೆಯ ಮೇಲ್ತುದಿಯಲ್ಲಿ ಸಂಕೇತದಲ್ಲಿ ತಾನಾಗಿಯೇ ಆಗುವ ಸಣ್ಣ ಏರಿಳಿತವನ್ನೂ ನಿಜವಾದ ಚಲನೆಯನ್ನೂ ಬೇರ್ಪಡಿಸುವುದೇ ಇಂತಹ ಕೀಬೋರ್ಡಿಗೆ ಕಠಿಣ ಪರೀಕ್ಷೆ. ಇದರಲ್ಲಿ ಕೀಲಿಯ ಕಾಂಡವೂ ಸಡಿಲವಾಗಿತ್ತು: ಕೀಲಿಯನ್ನು ಒತ್ತದೆ ಪಕ್ಕಕ್ಕೆ ತಳ್ಳಿದರೂ ಆಳ ತೋರಿಸುವ ಪಟ್ಟಿ ತಂತ್ರಾಂಶದಲ್ಲಿ ಏರುತ್ತಿತ್ತು. ಸಾಲದ್ದಕ್ಕೆ, ಬಿಸಿಯೇರಿದಂತೆ ಅಯಸ್ಕಾಂತದ ಬಲ ಸ್ವಲ್ಪ ಕುಗ್ಗುತ್ತದೆ. ಒಳ್ಳೆಯ ಫರ್ಮ್‌ವೇರ್, ಅಂದರೆ ಕೀಬೋರ್ಡಿನ ಒಳಗೇ ಇರುವ ತಂತ್ರಾಂಶ, ಕೀಲಿಯ ವಿಶ್ರಾಂತಿ ಸ್ಥಾನವನ್ನು ತಾನಾಗಿಯೇ ಸರಿಪಡಿಸಿಕೊಳ್ಳುತ್ತಿರುತ್ತದೆ. ಅಗ್ಗದ್ದು ಹಾಗೆ ಮಾಡುತ್ತಿರಲಿಲ್ಲವೆಂದು ತೋರುತ್ತದೆ, ಏಕೆಂದರೆ ಬೆಳಿಗ್ಗೆ ಹೊಂದಿಸಿದ್ದು ಸಂಜೆಗೆ ಕೆಡುತ್ತಿತ್ತು. ಪಂದ್ಯದ ನಡುವೆ ಒಮ್ಮೆ ನಾನು ಬಿಟ್ಟ ಕೀಲಿ ಬಿಡದೆ ಉಳಿದು, ಆಟದಲ್ಲಿನ ನನ್ನ ಪಾತ್ರ ಗೋಡೆಯ ಮರೆಯಿಂದ ಆಚೆಗೆ ನಡೆದುಹೋದಾಗ ಆದ ಬೇಸರ ಇನ್ನೂ ನೆನಪಿದೆ.

ಎ ಮತ್ತು ಡಿ ಎರಡನ್ನೂ ಒತ್ತಿದಾಗ ಕೊನೆಯದನ್ನೇ ಗಣಿಸುವ ಸೌಲಭ್ಯಕ್ಕೆ ನಾನು ಅಂಕ ಕೊಡಲಿಲ್ಲ. ಕೀಬೋರ್ಡ್ ತಯಾರಕ ಸಂಸ್ಥೆ ರೇಜರ್ 2024ರ ಜುಲೈನಲ್ಲಿ ಅದನ್ನು ಸ್ನ್ಯಾಪ್ ಟ್ಯಾಪ್ ಎಂಬ ಹೆಸರಿನಲ್ಲಿ ತಂದ ಮರು ತಿಂಗಳೇ ಆಟದ ತಯಾರಕ ಸಂಸ್ಥೆ ವಾಲ್ವ್ ತನ್ನ ಅಧಿಕೃತ ಕೌಂಟರ್-ಸ್ಟ್ರೈಕ್ 2 ಸರ್ವರ್‌ಗಳಲ್ಲಿ ಅಂತಹ ನೆರವನ್ನು ನಿಷೇಧಿಸಿತು. ಬೆರಳು ಕಲಿಯಬೇಕಾದದ್ದನ್ನು ಯಂತ್ರಕ್ಕೆ ವಹಿಸುವುದು ನನಗೂ ಒಪ್ಪಿಗೆಯಿಲ್ಲ.

ಸ್ವಿಚ್ ಬದಲಿಸುವ ವಿಷಯದಲ್ಲಿ ಎಚ್ಚರಿಕೆ ಬೇಕು. ಕೀಬೋರ್ಡ್ ಹಾಟ್-ಸ್ವಾಪ್ (ಬೆಸುಗೆಯಿಲ್ಲದೆ ಸ್ವಿಚ್ ಕಿತ್ತು ಹಾಕಬಹುದಾದದ್ದು) ಆಗಿದ್ದರೂ ಯಾವ ಮ್ಯಾಗ್ನೆಟಿಕ್ ಸ್ವಿಚ್ ಬೇಕಾದರೂ ಅದಕ್ಕೆ ಹೊಂದುವುದಿಲ್ಲ. ಅಯಸ್ಕಾಂತದ ಧ್ರುವ, ಬಲ, ಎತ್ತರ ಇವೆಲ್ಲ ಸೆನ್ಸರ್‌ಗೂ ಫರ್ಮ್‌ವೇರ್‌ಗೂ ಒಪ್ಪಬೇಕು. ನಡುವಣ ಕೀಬೋರ್ಡಿನ ತಯಾರಕರು ಹೊಂದುವ ಸ್ವಿಚ್‌ಗಳ ಪಟ್ಟಿಯನ್ನು ಸ್ಪಷ್ಟವಾಗಿ ಕೊಟ್ಟಿದ್ದರು, ನಾನು ಮಾಡಿದ ಸೆಟ್ಟಿಂಗ್‌ಗಳೆಲ್ಲ ಆ ಕೀಬೋರ್ಡಿನ ಒಳಗೇ ಉಳಿಯುತ್ತಿದ್ದವು. ಬೆಲೆ ಮತ್ತು ಗುಣವನ್ನು ತೂಗುವಾಗ ಈ ಎರಡಂಶಗಳು ನನ್ನ ಲೆಕ್ಕದಲ್ಲಿ 8000 ಹರ್ಟ್ಸ್‌ಗಿಂತ ಭಾರವಾದವು.

ಉಳಿಸಿಕೊಂಡದ್ದು ಆ ನಡುವಣದನ್ನೇ. ದುಬಾರಿಯದಕ್ಕೂ ಅದಕ್ಕೂ ಇದ್ದ 0.05 ಮಿ.ಮೀ. ಅಂತರ ಆಟದಲ್ಲಿ ನನ್ನ ಬೆರಳಿಗೆ ಒಮ್ಮೆಯೂ ತಿಳಿಯಲಿಲ್ಲ, ಬೆಲೆಯಲ್ಲಿ ಮಾತ್ರ ಎರಡು ಪಟ್ಟಿನ ಅಂತರವಿತ್ತು. ಈಗ ಚಲನೆಯ ನಾಲ್ಕು ಕೀಲಿಗಳು 0.8 ಮಿ.ಮೀ. ಇಳಿದಾಗ ಒತ್ತಾಗಿ, 0.2 ಮಿ.ಮೀ. ಎದ್ದಾಗ ಬಿಟ್ಟುಕೊಳ್ಳುತ್ತವೆ; ಕೈತಪ್ಪಿ ಒತ್ತಿದರೆ ನಷ್ಟವಾಗುವ ಗ್ರೆನೇಡ್ ಕೀಲಿಗಳನ್ನು 2 ಮಿ.ಮೀ.ನಲ್ಲೇ ಬಿಟ್ಟಿದ್ದೇನೆ. ಬರವಣಿಗೆಗೆ ರ‍್ಯಾಪಿಡ್ ಟ್ರಿಗರ್ ಇಲ್ಲದ ಬೇರೊಂದು ಪ್ರೊಫೈಲ್ ಇದೆ, ಈ ಬರಹವನ್ನು ಟೈಪ್ ಮಾಡಿದ್ದೂ ಅದರಲ್ಲಿಯೇ.