ಫೈಲ್ ಒಂದೇ, ಕೇಳುವವರು ಮೂರು ಜನ

ರಾತ್ರಿ ಹತ್ತರ ಹೊತ್ತಿಗೆ ಫೋನ್ ಬಂತು. ಇನ್ನೊಂದು ಆಸ್ಪತ್ರೆಯ ಡಾಕ್ಟರ್. "ನೀವು ಕಳಿಸಿದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 97 ಅಂತ ಇದೆ. ಇದೇನ್ರೀ ಇದು? ಪೇಷಂಟ್ ನನ್ನ ಎದುರಿಗೇ ಕೂತು ಮಾತಾಡ್ತಿದ್ದಾರೆ."

ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಯೋಕೆ ಮಾಡುವ ರಕ್ತಪರೀಕ್ಷೆ. ಅವರ ಕಡೆ ಅದನ್ನು ಒಂದು ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಅಳೆಯುತ್ತಾರೆ. ಒಂದರ ಆಸುಪಾಸು ಇದ್ದರೆ ಚಿಂತೆಯಿಲ್ಲ. ನಮ್ಮ ಲ್ಯಾಬಿನಲ್ಲಿ ಅಳೆಯುತ್ತಿದ್ದದ್ದು ಲೀಟರಿಗೆ ಎಷ್ಟು ಮೈಕ್ರೋಮೋಲ್ ಅಂತ. 97ನ್ನು 88.4ರಿಂದ ಭಾಗಿಸಿದರೆ ಅವರ ಲೆಕ್ಕದ 1.1 ಬರುತ್ತದೆ. ಪೇಷಂಟ್ ಆರೋಗ್ಯವಾಗಿಯೇ ಇದ್ದರು. ಆದರೆ ಭಾಗಿಸಬೇಕು ಅಂತ ಆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ನಾನು ಕಳಿಸಿದ ಮೆಸೇಜಿನಲ್ಲಿ ಯೂನಿಟ್ ಬರೆಯುವ ಜಾಗ ಖಾಲಿ ಇತ್ತು.

ಈ ಕೆಲಸಕ್ಕೆ ಕೈ ಹಾಕಿ ಆಗ ಎರಡು ತಿಂಗಳಾಗಿತ್ತು. ನಾನು ಡಾಕ್ಟರ್ ಅಲ್ಲ, ಕಂಪ್ಯೂಟರ್ ಕಡೆಯಿಂದ ಬಂದವನು. ನಮ್ಮ ಆಸ್ಪತ್ರೆಯ ರೋಗಿಗಳ ದಾಖಲೆಗಳನ್ನು ಬೇರೆ ಆಸ್ಪತ್ರೆಗಳಿಗೆ, ವಿಮಾ ಕಂಪನಿಗಳಿಗೆ, ಸರ್ಕಾರದ ಆರೋಗ್ಯ ಇಲಾಖೆಗೆ ತಲುಪಿಸುವ ವ್ಯವಸ್ಥೆ ಕಟ್ಟೋದು ನನ್ನ ಜವಾಬ್ದಾರಿ. ಪೈಪ್ ಎಳೆಯುವ ಕೆಲಸ ಅಂದುಕೊಂಡಿದ್ದೆ. ಈ ತುದಿಯಲ್ಲಿ ಹಾಕಿದ್ದು ಆ ತುದಿಯಲ್ಲಿ ಬಂದರೆ ಸಾಕು, ಅಷ್ಟೇ ತಾನೇ?

ಅಂಕಿ ಆ ತುದಿಗೆ ಸರಿಯಾಗಿಯೇ ಹೋಗಿ ಸೇರಿತ್ತು. ಅರ್ಥ ಮಾತ್ರ ಹೋಗಿರಲಿಲ್ಲ.

ಆಸ್ಪತ್ರೆಗಳ ಕಂಪ್ಯೂಟರುಗಳು ಮಾತಾಡುವ ಹಳೇ ಭಾಷೆಯೊಂದಿದೆ, ಎಚ್‌ಎಲ್7 ಅಂತ. ಅದೇ ಹೆಸರಿನ ಸಂಸ್ಥೆ ಶುರುವಾದದ್ದು 1987ರಲ್ಲಿ. ಅದರ ಎರಡನೇ ಆವೃತ್ತಿಯನ್ನು ಇವತ್ತಿಗೂ ಎಷ್ಟೋ ಲ್ಯಾಬುಗಳು ಬಿಟ್ಟಿಲ್ಲ. ನೋಡೋಕೆ ಚೆಂದವೇನಿಲ್ಲ. ಒಂದೊಂದು ಸಾಲಿನಲ್ಲೂ ನಡುನಡುವೆ ನಿಂತ ಗೆರೆಗಳು. ಎರಡು ಗೆರೆಗಳ ನಡುವಿನ ಜಾಗವೇ ಒಂದು ಮನೆ. ಪಿಐಡಿ ಅಂತ ಶುರುವಾಗುವ ಸಾಲಿನಲ್ಲಿ ರೋಗಿ ಯಾರು ಅನ್ನೋದು ಇರುತ್ತದೆ. ಒಬಿಎಕ್ಸ್ ಅಂತ ಶುರುವಾಗುವ ಸಾಲಿನಲ್ಲಿ ಪರೀಕ್ಷೆಯ ಫಲಿತಾಂಶ. ಅದರ ಐದನೇ ಮನೆಯಲ್ಲಿ ಅಂಕಿ, ಆರನೇ ಮನೆಯಲ್ಲಿ ಯೂನಿಟ್, ಹನ್ನೊಂದನೇ ಮನೆಯಲ್ಲಿ ಅದು ತಾತ್ಕಾಲಿಕವೋ, ಅಂತಿಮವೋ, ತಿದ್ದಿದ್ದೋ ಅನ್ನುವ ಒಂದೇ ಒಂದು ಅಕ್ಷರ. ನಮ್ಮ ಲ್ಯಾಬಿನವರು ಆರನೇ ಮನೆ ತುಂಬುತ್ತಿರಲಿಲ್ಲ. "ನಮ್ಮಲ್ಲಿ ಎಲ್ಲರಿಗೂ ಗೊತ್ತಲ್ವಾ" ಅಂದರು. ಅವರಲ್ಲಿ ಎಲ್ಲರಿಗೂ ಗೊತ್ತಿತ್ತು, ನಿಜ.

97 ಅನ್ನೋದು ನೋಡಿದ ಕೂಡಲೇ ಗಾಬರಿಯಾಗುವ ಅಂಕಿ. ಅದಕ್ಕೇ ಸಿಕ್ಕಿಬಿತ್ತು. ನನಗೆ ನಿದ್ದೆ ಕೆಡಿಸಿದ್ದು ವಿಟಮಿನ್ ಡಿ ತರದ ಪರೀಕ್ಷೆಗಳು. ಅದನ್ನೂ ಎರಡು ರೀತಿ ಅಳೆಯುತ್ತಾರೆ, ಎರಡರ ನಡುವಿನ ವ್ಯತ್ಯಾಸ ಬರೀ ಎರಡೂವರೆ ಪಟ್ಟು. 50 ಅಂತ ಬಂದರೆ ಯಾವ ಲೆಕ್ಕದಲ್ಲೂ ನಂಬುವ ಹಾಗಿರುತ್ತದೆ. ಮಿಲಿಲೀಟರಿಗೆ 50 ನ್ಯಾನೋಗ್ರಾಂ ಅಂದರೆ ಧಾರಾಳವಾಗಿದೆ ಅಂತ. ಲೀಟರಿಗೆ 50 ನ್ಯಾನೋಮೋಲ್ ಅಂದರೆ ಇನ್ನೊಂದರಲ್ಲಿ 20, ಅಂಚಿಗೆ ಬಂದು ನಿಂತ ಹಾಗೆ. ಯಾರೂ ಫೋನ್ ಮಾಡಲ್ಲ. ಸುಮ್ನೆ ಓದಿಕೊಂಡು ಮುಂದೆ ಹೋಗುತ್ತಾರೆ.

ಮರುದಿನದಿಂದ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಮೂರು ವಾರ. ನಮ್ಮ ಲ್ಯಾಬಿನ ಒಂದೊಂದು ಪರೀಕ್ಷೆಯನ್ನೂ ತೆಗೆದುಕೊಂಡು ಅದಕ್ಕೆ ಲಾಯಿಂಕ್ ಕೋಡ್ ಹುಡುಕಿದೆವು. ಲಾಯಿಂಕ್ ಅನ್ನೋದು ಅಮೆರಿಕದ ರೀಗನ್‌ಸ್ಟ್ರೀಫ್ ಸಂಸ್ಥೆಯಲ್ಲಿ 1994ರಲ್ಲಿ ಶುರುವಾದ ಪಟ್ಟಿ. ಜಗತ್ತಿನಲ್ಲಿ ಮಾಡುವ ಪರೀಕ್ಷೆಗಳಿಗೆಲ್ಲ ಒಂದೊಂದು ನಂಬರ್ ಕೊಡುವ ಸಾಹಸ. ರಕ್ತದ ಕ್ರಿಯಾಟಿನಿನ್ನನ್ನು ಮಿಲಿಗ್ರಾಂ ತರ ತೂಕದ ಲೆಕ್ಕದಲ್ಲಿ ಅಳೆದರೆ 2160-0. ಮೋಲ್ ಲೆಕ್ಕದಲ್ಲಿ ಅಳೆದರೆ 14682-9. ಪರೀಕ್ಷೆ ಒಂದೇ, ನಂಬರ್ ಎರಡು. ಮೊದಲು ಇದು ಅತಿಯಾಯ್ತು ಅನ್ನಿಸಿತ್ತು. ಆ ಫೋನ್ ಆದ ಮೇಲೆ ಈ ಪಟ್ಟಿ ಮಾಡಿದವರ ಮೇಲೆ ಗೌರವ ಬಂತು. ಯೂನಿಟ್ ಇಲ್ಲದ ಫಲಿತಾಂಶ ಬಂದರೆ ತಡೆಹಿಡಿದು ಲ್ಯಾಬಿಗೇ ವಾಪಸ್ ಕಳಿಸುವ ಹಾಗೆ ಮಾಡಿದೆ. ಮೊದಲ ವಾರ ಲ್ಯಾಬಿನವರು ನನ್ನ ಜೊತೆ ಮಾತು ಬಿಟ್ಟರು.

ಹನ್ನೊಂದನೇ ಮನೆಯ ಕಥೆಯೂ ಇಂಥದ್ದೇ. ಲ್ಯಾಬು ಮೊದಲು ತಾತ್ಕಾಲಿಕ ಫಲಿತಾಂಶ ಕಳಿಸುತ್ತದೆ, ಆಮೇಲೆ ತಿದ್ದಿದ್ದನ್ನು ಕಳಿಸುತ್ತದೆ. ಆ ಕಡೆಯವರು ಎರಡನ್ನೂ ಒಂದರ ಕೆಳಗೊಂದು ತೋರಿಸುತ್ತಿದ್ದರು. ಯಾವುದನ್ನು ನಂಬೋದು ಅನ್ನೋದು ಓದುವವರ ಅದೃಷ್ಟಕ್ಕೆ ಬಿಟ್ಟದ್ದು.

ಅಲರ್ಜಿ ವಿಷಯ ಒಂದು ಸಾಲಿನಲ್ಲಿ ಹೇಳಿ ಮುಗಿಸ್ತೀನಿ. ಖಾಲಿ ಬಿಟ್ಟ ಜಾಗಕ್ಕೆ "ಅಲರ್ಜಿ ಇಲ್ಲ" ಅಂತಲೂ ಅರ್ಥ ಮಾಡಿಕೊಳ್ಳಬಹುದು, "ಯಾರೂ ಕೇಳಿಲ್ಲ" ಅಂತಲೂ ಮಾಡಿಕೊಳ್ಳಬಹುದು. ಈಗ ನಮ್ಮಲ್ಲಿ ಆ ಎರಡೂ ಬೇರೆ ಬೇರೆ ಬಟನ್.

ಡಾಕ್ಟರಿಂದ ಡಾಕ್ಟರಿಗೆ ಹೋಗುವ ದಾರಿಯಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಪ್ರಶ್ನೆ: ಅಲ್ಲಿರುವವರೂ ಇಲ್ಲಿರುವವರೂ ಒಬ್ಬರೇನಾ? ಹೆಸರಿನ ಕಾಗುಣಿತ ಬದಲಾಗುತ್ತದೆ. ಫೋನ್ ನಂಬರ್ ಮಗನದ್ದೋ ಮಗಳದ್ದೋ ಆಗಿರುತ್ತದೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಅಂತ ಬರೆದಿರುತ್ತಾರೆ. ಇಂಥ ಜೋಡಿಗಳನ್ನು ಹೊಂದಿಸೋಕೆ ಒಂದು ಗಣಿತವಿದೆ. ಫೆಲ್ಲೆಗಿ ಮತ್ತು ಸಂಟರ್ ಅನ್ನುವ ಇಬ್ಬರು 1969ರಲ್ಲೇ ಬರೆದಿಟ್ಟದ್ದು. ಪ್ರತಿ ಹೋಲಿಕೆಗೂ ಇಷ್ಟು ಅಂತ ಅಂಕ. ಅಪರೂಪದ ಹೆಸರು ಹೊಂದಿದರೆ ಜಾಸ್ತಿ, ಎಲ್ಲರಿಗೂ ಇರುವ ಹೆಸರು ಹೊಂದಿದರೆ ಕಮ್ಮಿ. ಒಟ್ಟು ಅಂಕ ಒಂದು ಗೆರೆ ದಾಟಿದರೆ ಇಬ್ಬರೂ ಒಬ್ಬರೇ. ಇನ್ನೊಂದು ಗೆರೆಗಿಂತ ಕೆಳಗಿದ್ದರೆ ಬೇರೆಯವರು. ನಡುವೆ ಬಿದ್ದವರನ್ನು ಮನುಷ್ಯರೇ ಕೂತು ನೋಡಬೇಕು.

ಆ ನಡುವಿನ ಗುಂಪು ದೊಡ್ಡದಾಯ್ತು ಅಂತ ನಾನು ಮೇಲಿನ ಗೆರೆಯನ್ನು ಸ್ವಲ್ಪ ಕೆಳಗಿಳಿಸಿದೆ. ಅವಳಿ ಅಕ್ಕತಂಗಿಯರು ಒಂದಾಗಿಬಿಟ್ಟರು. ಒಂದೇ ಹುಟ್ಟಿದ ದಿನ, ಒಂದೇ ವಿಳಾಸ, ಒಂದೇ ಫೋನು, ಹೆಸರಿನಲ್ಲಿ ಎರಡೇ ಅಕ್ಷರ ವ್ಯತ್ಯಾಸ. ಒಬ್ಬಳ ಮೂರ್ಛೆರೋಗದ ಮಾತ್ರೆ ಇನ್ನೊಬ್ಬಳ ಪಟ್ಟಿಗೆ ಬಂದು ಕೂತಿತು. ಅವರಮ್ಮನೇ ಅದನ್ನು ಹಿಡಿದದ್ದು. ಸೇರಿಸೋಕೆ ಕಂಪ್ಯೂಟರಿಗೆ ಒಂದು ಕ್ಷಣ ಸಾಕಾಗಿತ್ತು. ಬಿಡಿಸೋಕೆ ನನಗೆ ನಾಲ್ಕು ದಿನ ಹಿಡಿಯಿತು. ಯಾವ ಸಾಲು ಯಾರದ್ದು ಅಂತ ಒಂದೊಂದಾಗಿ ಅವರಮ್ಮನ ಎದುರಿಗೇ ಕೂತು ಕೇಳಿದೆ. ಗೆರೆ ಮತ್ತೆ ಮೇಲಕ್ಕೆ ಹೋಯಿತು. ದಿನಾ ಒಂದು ಗಂಟೆ ಕೂತು ಜೋಡಿ ನೋಡುವ ಕೆಲಸ ಅವತ್ತಿಂದ ಇವತ್ತಿನವರೆಗೂ ನಿಂತಿಲ್ಲ.

ಇನ್ನು ವಿಮೆಯವರ ಕಡೆ. ಇಲ್ಲಿ ತಪ್ಪು ಪೂರ್ತಿ ನನ್ನದು.

ಒಂದು ಕ್ಲೇಮಿಗೆ ಏನೇನು ಬೇಕು ಅಂತ ಅವರು ಕೇಳುತ್ತಾರೆ. ಕಳಿಸಿದರೆ ಮತ್ತೇನೋ ಬೇಕು ಅನ್ನುತ್ತಾರೆ. ಮೂರನೇ ಸಲಕ್ಕೆ ಬೇಸತ್ತು, ಇಡೀ ಫೈಲನ್ನೇ ಕಳಿಸುವ ಹಾಗೆ ಮಾಡಿಬಿಟ್ಟೆ. ಎಲ್ಲಾ ಕೊಟ್ಟರೆ ಮತ್ತೆ ಕೇಳಲ್ಲ ಅನ್ನೋ ಲೆಕ್ಕ. ಕೆಲವು ತಿಂಗಳು ಎಲ್ಲರೂ ಖುಷಿಯಾಗಿದ್ದರು.

ಆಮೇಲೆ ಒಬ್ಬರು ಬಂದರು. ಹೃದಯದ ಚಿಕಿತ್ಸೆಗೆ ಹಾಕಿದ ಕ್ಲೇಮು ತಿರಸ್ಕಾರವಾಗಿತ್ತು. "ಮೊದಲೇ ಇದ್ದ ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರಿ" ಅಂತ ಪತ್ರ. "ನನಗೆ ಸಕ್ಕರೆ ಕಾಯಿಲೆಯೇ ಇಲ್ವಲ್ಲ ಸಾರ್" ಅಂದರು. ಫೈಲ್ ತೆಗೆದು ನೋಡಿದೆ. ಮೂರು ವರ್ಷದ ಹಿಂದೆ ಸುಸ್ತು ಅಂತ ಬಂದಿದ್ದರು. ಡಾಕ್ಟರ್ ಅನುಮಾನಪಟ್ಟು ರಕ್ತಪರೀಕ್ಷೆ ಬರೆದಿದ್ದರು. ಪರೀಕ್ಷೆ ಬರೆಯಬೇಕಾದರೆ ಯಾವುದಾದರೂ ರೋಗದ ಕೋಡ್ ಹಾಕಿ ಅಂತ ನಮ್ಮ ಸಾಫ್ಟ್‌ವೇರ್ ಹಟ ಹಿಡಿಯುತ್ತಿತ್ತು. ಅವರು ಇ11 ಹಾಕಿದ್ದರು. ರೋಗಗಳಿಗೆಲ್ಲ ಕೋಡ್ ಕೊಡುವ ಐಸಿಡಿ-10 ಪಟ್ಟಿಯಲ್ಲಿ ಟೈಪ್ 2 ಡಯಾಬಿಟಿಸ್‌ಗೆ ಇರುವ ಕೋಡ್ ಅದು. ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂತು. ಕೋಡ್ ಮಾತ್ರ ಅಲ್ಲೇ ಉಳಿಯಿತು.

ಅದೇ ಸಾಲನ್ನು ಇನ್ನೊಬ್ಬ ಡಾಕ್ಟರ್ ಓದಿದ್ದರೆ ಕೆಳಗಿನ ರಿಪೋರ್ಟ್ ನೋಡಿ, "ಓ, ಅನುಮಾನಕ್ಕೆ ಹಾಕಿದ್ದು" ಅಂತ ಬಿಟ್ಟುಬಿಡುತ್ತಿದ್ದರು. ವಿಮೆಯವರು ಕೋಡ್ ಓದುತ್ತಾರೆ. ಅವರ ಕೆಲಸವೇ ಅದು, ತಪ್ಪು ಅನ್ನೋಕಾಗಲ್ಲ. ಡಾಕ್ಟರಿಗೆ ಬೇಕಾದದ್ದು "ಈಗ ಏನು ಮಾಡಲಿ" ಅನ್ನುವ ಪ್ರಶ್ನೆಗೆ ಉತ್ತರ. ವಿಮೆಯವರಿಗೆ "ಇದಕ್ಕೆ ದುಡ್ಡು ಕೊಡಬೇಕಾ" ಅನ್ನೋದಕ್ಕೆ. ಸರ್ಕಾರಕ್ಕೆ "ಎಲ್ಲಿ, ಎಷ್ಟು ಜನಕ್ಕೆ" ಅನ್ನೋದಕ್ಕೆ. ಮೂರೂ ಜನಕ್ಕೆ ನಾನು ಒಂದೇ ಫೈಲ್ ಎತ್ತಿ ಕೊಡುತ್ತಿದ್ದೆ.

ಅಮೆರಿಕದ ಹಿಪಾ ಕಾನೂನಿನ ಗೋಪ್ಯತೆಯ ನಿಯಮಗಳಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿದೆ. ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ಕೊಡಬೇಕು ಅನ್ನುವ ನಿಯಮ ವಿಮೆಗೆ ಕಳಿಸುವಾಗ ಅನ್ವಯಿಸುತ್ತದೆ. ಚಿಕಿತ್ಸೆಗಾಗಿ ಒಬ್ಬ ಡಾಕ್ಟರ್ ಇನ್ನೊಬ್ಬರಿಂದ ಕೇಳಿದರೆ ಆ ಮಿತಿ ಇಲ್ಲ. ಆ ನಿಯಮ ನಮಗೆ ಲಾಗೂ ಆಗುತ್ತದೋ ಇಲ್ಲವೋ ಅನ್ನೋದು ಆಮೇಲಿನ ಮಾತು. ಓದಿದಾಗ ನನ್ನ ತಲೆಯೊಳಗಿನ ಗೋಜಲಂತೂ ಬಿಡಿಸಿತು.

ಆ ವೇಳೆಗೆ ನಾವು ಎಚ್‌ಎಲ್7ನ ಹೊಸ ಪೀಳಿಗೆಯಾದ ಫೈರ್‌ಗೆ ಬದಲಾಗುತ್ತಿದ್ದೆವು. ಆಸ್ಟ್ರೇಲಿಯಾದ ಗ್ರಹಾಂ ಗ್ರೀವ್ 2011ರಲ್ಲಿ ಶುರು ಮಾಡಿದ ಪದ್ಧತಿ ಅದು. ನಾವು ಹಿಡಿದದ್ದು 2018ರ ಕೊನೆಗೆ ಬಂದ ನಾಲ್ಕನೇ ಬಿಡುಗಡೆ. ಅದರಲ್ಲಿ ದಾಖಲೆ ಅಂದರೆ ಒಂದು ದಪ್ಪ ಫೈಲ್ ಅಲ್ಲ, ಬಿಡಿಬಿಡಿ ತುಂಡುಗಳು: ರೋಗಿ, ಭೇಟಿ, ಔಷಧಿ, ಫಲಿತಾಂಶ, ರೋಗ. ರೋಗದ ತುಂಡಿನಲ್ಲಿ ಅದು ಎಷ್ಟು ಖಚಿತ ಅಂತ ಹೇಳೋಕೇ ಒಂದು ಜಾಗವಿದೆ. ಖಾತ್ರಿಯಾಗಿಲ್ಲ, ತಾತ್ಕಾಲಿಕ, ಹಲವು ಸಾಧ್ಯತೆಗಳಲ್ಲಿ ಒಂದು, ಖಾತ್ರಿಯಾಗಿದೆ, ಅಲ್ಲ ಅಂತ ಸಾಬೀತಾಗಿದೆ, ತಪ್ಪಾಗಿ ಬರೆದದ್ದು. ಈ ಆರರಲ್ಲಿ ಒಂದನ್ನು ಆರಿಸಬಹುದು. ಆ ಜಾಗವನ್ನು ನಾನು ಕಡ್ಡಾಯ ಮಾಡಿದೆ. ಅದರ ಜೊತೆಗೆ, ಪರೀಕ್ಷೆ ಬರೆಯುವಾಗ ರೋಗದ ಕೋಡ್ ಬದಲು "ಸುಸ್ತು" ಅಂತ ಲಕ್ಷಣವನ್ನೇ ಹಾಕಲು ದಾರಿ ಮಾಡಿದೆ. ಡಾಕ್ಟರುಗಳು ಇನ್ನೊಂದು ಕ್ಲಿಕ್ ಜಾಸ್ತಿಯಾಯ್ತು ಅಂತ ಗೊಣಗಿದರು. ಕ್ಲೇಮು ತಿರಸ್ಕರಿಸಿದ ಆ ಪತ್ರದ ಪ್ರತಿ ನನ್ನ ಜೇಬಿನಲ್ಲೇ ಇರುತ್ತಿತ್ತು. ಗೊಣಗಿದವರಿಗೆಲ್ಲ ತೋರಿಸುತ್ತಿದ್ದೆ.

ವಿಮೆಗೆ ಈಗ ಹೋಗೋದು ಆ ಕ್ಲೇಮಿಗೆ ಸೇರಿದ ಭೇಟಿಯ ವಿವರ, ಅದಕ್ಕೆ ಸಂಬಂಧಪಟ್ಟ ಖಾತ್ರಿಯಾದ ರೋಗ, ಮಾಡಿದ ಚಿಕಿತ್ಸೆ. ಇನ್ನೂ ಬೇಕಾದರೆ ಯಾಕೆ ಅಂತ ಬರೆದು ಕೇಳಬೇಕು. ಕೇಳುತ್ತಾರೆ, ಕಳಿಸುತ್ತೇವೆ. ಕೆಲಸ ನಿಧಾನವಾಗಿದೆ, ಒಪ್ಪಿಕೊಳ್ತೀನಿ. ಆ ರೋಗಿಯ ಕ್ಲೇಮು ಡಾಕ್ಟರ್ ಬರೆದುಕೊಟ್ಟ ವಿವರಣೆ ಹೋದ ಮೇಲೆ ಪಾಸಾಯ್ತು. ಅಷ್ಟರಲ್ಲಿ ಐದು ತಿಂಗಳು ಕಳೆದಿತ್ತು.

ಸರ್ಕಾರದ ಕಡೆಗೆ ಎರಡು ತರದ ಮಾಹಿತಿ ಹೋಗುತ್ತದೆ. ದಡಾರ, ಕ್ಷಯದಂಥ ಕಾಯಿಲೆಗಳನ್ನು ಹೆಸರು, ವಿಳಾಸ ಸಮೇತ ತಿಳಿಸಬೇಕು. ಇಲ್ಲದಿದ್ದರೆ ಜೊತೆಗಿದ್ದವರನ್ನು ಹುಡುಕೋದು ಹೇಗೆ? ಇದರಲ್ಲಿ ಗೊಂದಲವಿಲ್ಲ. ತಲೆನೋವು ಬಂದದ್ದು ಯೋಜನೆ ಮಾಡೋಕೆ ಅಂತ ಕೇಳುವ ಅಂಕಿಅಂಶಗಳಿಂದ. ಹೆಸರು ತೆಗೆದು ಕಳಿಸಿದರೆ ಸಾಕು ಅಂದುಕೊಂಡಿದ್ದೆ.

1990ರ ದಶಕದಲ್ಲಿ ಲಟಾನ್ಯಾ ಸ್ವೀನಿ ಅನ್ನುವ ವಿದ್ಯಾರ್ಥಿನಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಏನು ಮಾಡಿದರು ಅಂತ ಯಾರೋ ನನಗೆ ಹೇಳಿದರು. ಹೆಸರು ತೆಗೆದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯ ಪಕ್ಕ ಇಟ್ಟು, ಹುಟ್ಟಿದ ದಿನ, ಲಿಂಗ, ಅಂಚೆ ಕೋಡ್ ಮೂರರಿಂದಲೇ ಆ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯನ್ನು ಹೆಕ್ಕಿ ತೆಗೆದರು. ನಂಬಿಕೆ ಬರಲಿಲ್ಲ. ನಾನು ಕಳಿಸಲು ರೆಡಿ ಮಾಡಿಟ್ಟಿದ್ದ ಫೈಲ್ ತೆಗೆದು ನನ್ನ ಹುಟ್ಟಿದ ದಿನ, ಲಿಂಗ, ಅಂಚೆ ಕೋಡ್ ಹಾಕಿ ಹುಡುಕಿದೆ. ಒಂದೇ ಸಾಲು ಬಂತು. ಎರಡು ವರ್ಷದ ಹಿಂದೆ ನಾನು ಯಾರಿಗೂ ಹೇಳದೆ ತೋರಿಸಿಕೊಂಡಿದ್ದ ಮೂಲವ್ಯಾಧಿ, ಕೋಡ್ ಸಮೇತ.

ಆ ಫೈಲ್ ಅವತ್ತು ಹೋಗಲಿಲ್ಲ.

ಈಗ ಹುಟ್ಟಿದ ದಿನದ ಬದಲು ಐದೈದು ವರ್ಷದ ಗುಂಪು. ಅಂಚೆ ಕೋಡಿನ ಮೊದಲ ಭಾಗ ಮಾತ್ರ. ಕೋಷ್ಟಕದ ಯಾವುದಾದರೂ ಚೌಕದ ಲೆಕ್ಕದಲ್ಲಿ ಐದಕ್ಕಿಂತ ಕಮ್ಮಿ ಜನ ಇದ್ದರೆ ಆ ಅಂಕಿ ಮುಚ್ಚಿಡುತ್ತೇವೆ. ಇದರಲ್ಲೂ ಒಮ್ಮೆ ಎಡವಿದೆ. ಒಂದು ಚೌಕ ಮುಚ್ಚಿ, ಕೆಳಗೆ ಒಟ್ಟು ಮೊತ್ತ ಹಾಗೇ ಬಿಟ್ಟಿದ್ದೆ. ಒಟ್ಟಿನಿಂದ ಉಳಿದದ್ದನ್ನು ಕಳೆದರೆ ಮುಚ್ಚಿದ್ದು ಹೊರಗೆ! ಕನಿಷ್ಠ ಎರಡು ಚೌಕ ಮುಚ್ಚಬೇಕು.

ಇಷ್ಟೆಲ್ಲ ಮಾಡಿದರೂ ಜನಕ್ಕೆ ಹೇಳದೆ ಮಾಡಿದರೆ ಉಳಿಯಲ್ಲ. ಇಂಗ್ಲೆಂಡಿನಲ್ಲಿ ಜನರ ವೈದ್ಯಕೀಯ ದಾಖಲೆಗಳನ್ನು ಒಂದೆಡೆ ಸೇರಿಸುವ ಕೇರ್ ಡಾಟ್ ಡೇಟಾ ಅನ್ನುವ ದೊಡ್ಡ ಯೋಜನೆ 2013ರಲ್ಲಿ ಬಂತು. ಜನರಿಗೆ ಸರಿಯಾಗಿ ತಿಳಿಸಿಲ್ಲ ಅಂತ ಗಲಾಟೆಯಾಗಿ 2014ರಲ್ಲಿ ನಿಂತು, 2016ರಲ್ಲಿ ಪೂರ್ತಿ ಮುಚ್ಚಿಹೋಯಿತು. ಎಸ್ಟೋನಿಯಾದಲ್ಲಿ ಇದಕ್ಕೆ ಬೇರೆ ದಾರಿ ಹಿಡಿದಿದ್ದಾರೆ. ತನ್ನ ದಾಖಲೆಯನ್ನು ಯಾರ್ಯಾರು ತೆಗೆದು ನೋಡಿದರು ಅನ್ನೋದನ್ನು ರೋಗಿಯೇ ನೋಡಬಹುದು. ನನಗೆ ಅದು ಹಿಡಿಸಿತು. ನಮ್ಮಲ್ಲೂ ಯಾರು ಕೇಳಿದರೂ ಆ ಪಟ್ಟಿ ಪ್ರಿಂಟ್ ಮಾಡಿ ಕೊಡೋಣ ಅಂತ ನಾನೇ ಓಡಾಡಿ ಒಪ್ಪಿಸಿದೆ.

ಮೊದಲು ಕೇಳಿದವರು ನಮ್ಮಲ್ಲಿಗೆ ಹನ್ನೆರಡು ವರ್ಷದಿಂದ ಬರುತ್ತಿದ್ದ ಹಿರಿಯ ಮಹಿಳೆ. ಕನ್ನಡಕ ಏರಿಸಿಕೊಂಡು ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು. ಎರಡನೇ ಪುಟದ ನಡುವೆ ಬೆರಳು ನಿಂತಿತು.

"ಇವರು ಯಾರು? ಒಂದೇ ಮಧ್ಯಾಹ್ನ ಹನ್ನೊಂದು ಸಲ ನೋಡಿದ್ದಾರೆ. ನನಗೆ ಈ ಹೆಸರಿನ ಡಾಕ್ಟರ್ ಇಲ್ಲವಲ್ಲ."

ಅದು ನನ್ನ ಹೆಸರು. ಫೈರ್ ಪರೀಕ್ಷೆ ಮಾಡುವಾಗ ಲ್ಯಾಬು, ಸ್ಕ್ಯಾನು, ಔಷಧಿ ಎಲ್ಲವೂ ಇರುವ ದಪ್ಪ ಫೈಲ್ ಒಂದು ಬೇಕಿತ್ತು. ಅವರದ್ದು ಸಿಕ್ಕಿತ್ತು.

"ನಾನೇ ಮೇಡಂ. ಸಿಸ್ಟಂ ಟೆಸ್ಟ್ ಮಾಡ್ತಿದ್ದೆ."

"ಎಲ್ಲಾ ಓದಿದ್ರಾ?"

"ಸುಮಾರು ಓದಿದೆ."

ಅವರು ಬೈಯಲಿಲ್ಲ. ಪೆನ್ನು ಕೊಟ್ಟು, ಒಂದೊಂದರ ಮುಂದೆಯೂ ಕಾರಣ ಬರೆಯಿರಿ ಅಂದರು. ಟೆಸ್ಟಿಂಗ್, ಟೆಸ್ಟಿಂಗ್ ಅಂತ ಹನ್ನೊಂದು ಸಲ ಬರೆದೆ. ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೊರಟರು. ಮರುದಿನ ಬೆಳಿಗ್ಗೆ ಬಂದವನೇ ಕಂಪ್ಯೂಟರಿನಲ್ಲಿ ಒಬ್ಬ ಸುಳ್ಳು ಪೇಷಂಟನ್ನು ಹುಟ್ಟಿಸಿದೆ. ಹುಟ್ಟಿದ ದಿನ ಜನವರಿ 1. ಪಟ್ಟಿಯಲ್ಲಿರುವ ಅರ್ಧ ಕಾಯಿಲೆ ಪಾಪ ಅವನಿಗೇ.