ಖಾಲಿ ಚೆಕ್ ಕೊಟ್ಟ ಸಾಲ: ವಕೀಲರ ನೋಟಿಸ್ ಬಂದರೆ ಏನು ಮಾಡಬೇಕು

ಜಮಖಂಡಿ, ಅಥಣಿ, ಇಂಡಿ ಕಡೆ ಕೈಗಡ ಸಾಲಕ್ಕೆ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ ಹಾಕುವವರಿದ್ದಾರೆ. ಲಕ್ಷಕ್ಕೆ ವರ್ಷಕ್ಕೆ 60,000 ಆಯಿತು. ಮೇಲೆ ಸಹಿ ಹಾಕಿದ ಎರಡು ಖಾಲಿ ಚೆಕ್ ಬೇರೆ. ಸಾಲ ತೀರಿಸಿದವರು ಚೆಕ್ ವಾಪಸ್ ಕೇಳುವುದನ್ನು ಮರೆಯುತ್ತಾರೆ, ಇಟ್ಟುಕೊಂಡವರು ಮರೆಯುವುದಿಲ್ಲ. ಒಂದು ದಿನ ಅದೇ ಚೆಕ್ಕಿಗೆ ಐದು ಲಕ್ಷ ಬರೆದು ಬೌನ್ಸ್ ಮಾಡಿಸಿ ನೋಟಿಸ್ ಕಳಿಸುತ್ತಾರೆ.

ರಿಜಿಸ್ಟರ್ ಲಕೋಟೆ ಬಂದಾಗ ‘ಊರಾಗಿಲ್ಲ ಅಂತ ಬರೀರಿ’ ಎಂದು ತಿರುಗಿಸಬೇಡಿ. ವಿಳಾಸ ಸರಿಯಿದ್ದರೆ ನೋಟಿಸ್ ಮುಟ್ಟಿತೆಂದೇ ಕೋರ್ಟ್ ಹಿಡಿಯುತ್ತದೆ. ಇಸಿದುಕೊಂಡು ಲಕೋಟೆಯ ಮೇಲೆ ಆ ದಿನದ ತಾರೀಕು ಬರೆದಿಡಿ. ಅಲ್ಲಿಂದ ನಿಮಗೆ 15 ದಿನ. ಸಾಲ ನಿಜವಾಗಿಯೂ ಬಾಕಿಯಿದ್ದರೆ ಅಷ್ಟರೊಳಗೆ ಕಟ್ಟಿದರೆ ಚೆಕ್ ಬೌನ್ಸನ್ನು ಅಪರಾಧವೆನ್ನುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಕೇಸೇ ನಿಲ್ಲುವುದಿಲ್ಲ. ಬಾಕಿಯಿಲ್ಲದಿದ್ದರೆ ವಕೀಲರ ಮೂಲಕ ಉತ್ತರ ಕೊಡಿ. ಸುಮ್ಮನಿದ್ದು ಆಮೇಲೆ ಕೋರ್ಟಿನಲ್ಲಿ ಹೇಳಿದ ಕಥೆಗೆ ಬೆಲೆ ಕಡಿಮೆ.

ನೋಟಿಸ್ ಕಳಿಸಿದವರ ತಾರೀಕುಗಳನ್ನೂ ಎಣಿಸಿ. ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ನೋಟಿಸ್ ಹೊರಡಬೇಕು. ನಿಮ್ಮ 15 ದಿನ ಮುಗಿದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು ಬೀಳಬೇಕು. ದೂರಿನ ತಡವನ್ನು ಕೋರ್ಟ್ ಕಾರಣ ನೋಡಿ ಮನ್ನಿಸಬಹುದು, ನೋಟಿಸಿನ ತಡಕ್ಕೆ ಮಾಫಿಯಿಲ್ಲ.

‘ಅಂಕಿ ನಾನು ಬರೆದಿಲ್ಲ’ ಎಂಬುದೊಂದೇ ಮಾತಿನಿಂದ ಬಚಾವಾಗುವುದಿಲ್ಲ. ಸಹಿ ನಿಮ್ಮದಾದರೆ ಚೆಕ್ ಸಾಲಕ್ಕೇ ಕೊಟ್ಟದ್ದೆಂದು ಅದೇ ಕಾಯ್ದೆಯ ಕಲಂ 139ರ ಪ್ರಕಾರ ಕೋರ್ಟ್ ನಂಬಿಕೊಂಡೇ ಶುರುಮಾಡುತ್ತದೆ. ಅಲ್ಲವೆಂದು ತೋರಿಸುವ ಹೊಣೆ ನಿಮ್ಮದು. ಖಾತೆ ಮುಚ್ಚಿಸಿದರೂ, ಸ್ಟಾಪ್ ಪೇಮೆಂಟ್ ಹಾಕಿಸಿದರೂ ಕೇಸ್ ಬರಬಹುದು.

ಕೆಲಸಕ್ಕೆ ಬರುವುದು ಚೆಕ್ಕಿನ ನಂಬರ್. ನೋಟಿಸಿನಲ್ಲಿರುವ ನಂಬರಿನ ಹಿಂದುಮುಂದಿನ ಚೆಕ್ಕುಗಳು ಯಾವಾಗ ಪಾಸಾದವೆಂದು ಸ್ಟೇಟ್‌ಮೆಂಟಿನಲ್ಲಿ ನೋಡಿ. 41, 43ನೇ ಚೆಕ್ 2021ರಲ್ಲೇ ಪಾಸಾಗಿ, 42ಕ್ಕೆ ಮಾತ್ರ 2025ರ ತಾರೀಕು ಬಿದ್ದಿದ್ದರೆ ಅದು ಹಳೆಯ ಭದ್ರತೆಯ ಚೆಕ್ಕೆಂಬ ನಿಮ್ಮ ಮಾತಿಗೆ ತೂಕ ಬರುತ್ತದೆ. ಸ್ಟೇಟ್‌ಮೆಂಟಿಗೆ ಬ್ಯಾಂಕಿನ ಸೀಲು ಹಾಕಿಸಿಕೊಳ್ಳಿ. ಫೋನ್‌ಪೇಯಲ್ಲಿ ಅವರ ಮಗನಿಗೋ ಹೆಂಡತಿಗೋ ಕಳಿಸಿದ ಕಂತುಗಳನ್ನೂ ಬಿಡಬೇಡಿ. ಇನ್ನೊಂದು ಪ್ರಶ್ನೆ: ಅಷ್ಟು ನಗದು ಅವರ ಬಳಿ ಎಲ್ಲಿಂದ ಬಂತು? 2019ರಲ್ಲಿ ಕರ್ನಾಟಕದ್ದೇ ಒಂದು 6 ಲಕ್ಷದ ಚೆಕ್ ಕೇಸಿನಲ್ಲಿ ಸಾಲ ಕೊಡುವ ತಾಕತ್ತು ತೋರಿಸಲಾಗದ್ದಕ್ಕೆ ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತು.

ಮನೆ ಮುಂದೆ ನಿಂತು ಬೈಯುವುದು, ಗಾಡಿ ಎಳೆದೊಯ್ಯುವುದು ಬೇರೆ ಅಪರಾಧ. ಅದಕ್ಕೆ ರಾಜ್ಯದ 2025ರ ಕಿರುಸಾಲ ಕಾನೂನಿದೆ: 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆದರೆ ಠಾಣೆಗೆ ದೂರು ಕೊಟ್ಟ ಮಾತ್ರಕ್ಕೆ ನೋಟಿಸಿನ 15 ದಿನ ನಿಲ್ಲುವುದಿಲ್ಲ.

ಚೆಕ್ ಕೇಸಿನಲ್ಲಿ ಕೋರ್ಟಿನ ಸಮನ್ಸ್ ಬಂದರೆ ಹಾಜರಾಗಿ. ಇದು ಜಾಮೀನು ಸಿಗುವ ಅಪರಾಧ. ತಪ್ಪಿಸಿದರೆ ವಾರಂಟ್ ಬರುತ್ತದೆ. ಕೇಸ್ ನಡೆಯುವುದು ಸಾಮಾನ್ಯವಾಗಿ ಸಾಲ ಪಡೆದವರ ಊರಲ್ಲಲ್ಲ, ಚೆಕ್ಕನ್ನು ಬ್ಯಾಂಕಿಗೆ ಹಾಕಿದವರ ಖಾತೆಯಿರುವ ಊರಲ್ಲಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅವರ ಬಳಿ ಉಳಿದ ಎರಡನೇ ಚೆಕ್ಕಿನ ನಂಬರನ್ನೂ ರಾಜಿಪತ್ರದಲ್ಲಿ ಬರೆಸಿ, ಚೆಕ್ ಕೈಗೆ ಬಂದ ಮೇಲೆಯೇ ಸಹಿ ಹಾಕಿ.